ಎರಡು ಸಲ ಕೂತ ಮಗು

ಬೆಳಕು ಹರಿಯುವ ಮುಂಚೆ ಅಸಾಬಿ ಬಾವಿಯಿಂದ ಆರು ಬಕೆಟ್ ನೀರು ಸೇದುತ್ತಾಳೆ. ಎರಡು ಗಂಡನ ಸ್ನಾನಕ್ಕೆ, ಒಂದು ಅವನು ನಮಾಜಿಗೆ ಮೊದಲು ಕೈಕಾಲು ತೊಳೆಯುವುದಕ್ಕೆ, ಎರಡು ಅಡುಗೆಗೆ, ಕೊನೆಯದು ಸ್ಟುಡಿಯೋದ ಹಿಂದೆ ಫೋಟೋ ತೊಳೆಯುವ ಕತ್ತಲೆ ಕೋಣೆಗೆ. ಅಂಗಳ ಗುಡಿಸುತ್ತಾಳೆ, ಸೊಂಟ ಬಗ್ಗಿಸಿ, ಒಂದು ಕೈ ಬೆನ್ನ ಮೇಲಿಟ್ಟು, ಗರಿಕಡ್ಡಿಯ ಪೊರಕೆಯಿಂದ, ಹೊಸ್ತಿಲಿನಿಂದ ಬೀದಿಯವರೆಗೆ. ಇದ್ದಿಲ ಒಲೆ ಹೊತ್ತಿಸಿ, ಹಿಂದಿನ ದಿನ ಸೋಸಿಟ್ಟ ಮೆಕ್ಕೆಜೋಳದ ಹಿಟ್ಟಿನಿಂದ ಒಗಿ ಗಂಜಿ ಕಾಯಿಸುತ್ತಾಳೆ. ಮಗಳು ಬಿಲಿಕಿಸುವಿನ ಕೂದಲು ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ಗಂಡನ ಅಗಲ ತೋಳಿನ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಾಳೆ. ಕರೆಂಟಿದ್ದರೆ ಕರೆಂಟಿನ ಇಸ್ತ್ರಿಪೆಟ್ಟಿಗೆ, ಇಲ್ಲದಿದ್ದರೆ ಅದೇ ಒಲೆಯ ಇದ್ದಿಲು. ಆಮೇಲೆ ಸ್ಟುಡಿಯೋದ ಪರದೆ ಕೊಡವಿ, ಗಿರಾಕಿಗಳು ಕೂರುವ ಎರಡು ಸ್ಟೂಲು ಒರೆಸಿ, ಕ್ಯಾಮೆರಾದ ಗಾಜನ್ನು ಒಗೆದು ಒಗೆದು ಮೆತ್ತಗಾದ ಹಳೆಯ ಬಟ್ಟೆಯಲ್ಲಿ ಉಜ್ಜುತ್ತಾಳೆ.

ಇಷ್ಟಾಗುವ ಹೊತ್ತಿಗೆ ಮಸೀದಿಯ ಕೂಗು ಕೇಳುತ್ತದೆ. ಗಂಡ ಲಾಮಿದಿ ಆಕಳಿಸುತ್ತ ಎದ್ದು, ಇವತ್ತು ಬಹಳ ಕೆಲಸವಿದೆ ಎನ್ನುತ್ತಾನೆ.

ಬೀದಿಗೆ ತೂಗುಹಾಕಿದ ಬೋರ್ಡಿನಲ್ಲಿ ಇರುವುದು ‘ಲಾಮಿದಿ ಫೋಟೋ’ ಎಂದು. ಅದಕ್ಕೆ ಮೊದಲು ‘ಯೆಕೀನಿ ಫೋಟೋ’ ಎಂದಿತ್ತು. ಯೆಕೀನಿ ಅಂದರೆ ಲಾಮಿದಿಯ ಅಪ್ಪ, ಅಸಾಬಿಯ ಮಾವ. ನಮ್ಮ ಊರು ಇಗ್ಬೊ-ಓರಾದಲ್ಲಿ ಮಾವನ ಕೈಯ ಫೋಟೋ ಇಲ್ಲದ ಗೋಡೆ ಇರಲಿಲ್ಲ. ಅದರಲ್ಲೂ ಅವಳಿಗಳ ಫೋಟೋ. ನಮ್ಮ ಊರಿನಲ್ಲಿ ಅವಳಿಗಳಿಗೆ ಬರವಿಲ್ಲ. ಓಣಿಯಲ್ಲಿ ನಿಂತು ತೈವೋ ಎಂದು ಕೂಗಿದರೆ ನಾಲ್ಕು ತಲೆ ತಿರುಗುತ್ತವೆ, ಕೆಹಿಂದೆ ಎಂದರೆ ಇನ್ನು ನಾಲ್ಕು. ಮೊದಲು ಹುಟ್ಟಿದ್ದು ತೈವೋ, ಆಮೇಲಿನದು ಕೆಹಿಂದೆ; ಗಂಡಾಗಲಿ ಹೆಣ್ಣಾಗಲಿ ಹೆಸರು ಅದೇ. ಲೋಕ ಹೇಗಿದೆ ನೋಡಿಕೊಂಡು ಬಾ ಎಂದು ತೈವೋನನ್ನು ಮುಂದೆ ಕಳಿಸಿ, ನಿಧಾನವಾಗಿ ಬರುವುದು ಕೆಹಿಂದೆ. ಕಳಿಸಿದವರೇ ದೊಡ್ಡವರು. ಹಾಗಾಗಿ ಫೋಟೋದಲ್ಲಿ ನೋಡುವವರ ಬಲಕ್ಕೆ ಕೂರುವುದು ಕೆಹಿಂದೆ.

ಅಸಾಬಿ ಆ ಮನೆಗೆ ಬಂದಾಗ ಹತ್ತೊಂಬತ್ತು ವರ್ಷ. ಮಾವನ ಗಂಡು ಮಕ್ಕಳು ಮೂವರೂ ಕತ್ತಲೆ ಕೋಣೆಯ ವಾಸನೆಗೆ ಮೂಗು ಮುಚ್ಚಿ ಓಡಿಹೋಗುತ್ತಿದ್ದರು. ತಟ್ಟೆ ತೊಳೆಯುವವಳು ಫೋಟೋ ತೊಳೆಯಲಾರಳೇ ಎಂದು ಅತ್ತೆ ಸೊಸೆಯನ್ನೇ ಒಳಗೆ ಕಳಿಸಿದರು. ಮನೆಯ ಉಳಿದ ಕೆಲಸಗಳ ಜೊತೆಗೆ ಅದೂ ಒಂದಾಯಿತು. ತೊಳೆಯುವುದು, ಹಗ್ಗಕ್ಕೆ ನೇತುಹಾಕುವುದು, ಒಣಗಿದ ಮೇಲೆ ಅಂಚು ಕತ್ತರಿಸುವುದು. ಒಂದು ವರ್ಷ ಕಳೆದ ಮೇಲೆ ಮಾವ ಅವಳ ಕೈಗೆ ಅಂಗೈ ಅಗಲದ ಕಪ್ಪು ರಟ್ಟು ಕೊಟ್ಟರು.

ಅವರದು ಒಂದರ ಕೆಳಗೊಂದು ಎರಡು ಕಣ್ಣಿದ್ದ ಪೆಟ್ಟಿಗೆ ಕ್ಯಾಮೆರಾ. ಕ್ಯಾಮೆರಾವೇ ಅವಳಿ, ಅದಕ್ಕೇ ಅವಳಿಗಳ ಫೋಟೋ ಅದರಲ್ಲಿ ಅಷ್ಟು ಚೆನ್ನಾಗಿ ಬರುತ್ತದೆ ಎಂದು ಊರಿನವರ ನಂಬಿಕೆ. ಅವಳಿಗಳಲ್ಲಿ ಒಂದು ಮಗು ತೀರಿಕೊಂಡರೆ ಉಳಿದ ಮಗುವನ್ನು ಮಾವನ ಹತ್ತಿರ ಕರೆತರುತ್ತಿದ್ದರು. ಮಗು ಮೊದಲು ತನ್ನ ಬಟ್ಟೆಯಲ್ಲಿ ತನ್ನ ಸ್ಟೂಲಿನಲ್ಲಿ ಕೂರಬೇಕು. ಅಸಾಬಿ ಗಾಜಿನ ಅರ್ಧಕ್ಕೆ ರಟ್ಟು ಹಿಡಿಯಬೇಕು, ಮಾವ ಕ್ಯಾಮೆರಾದ ಗುಂಡಿ ಒತ್ತಬೇಕು. ಫಿಲ್ಮನ್ನು ಮುಂದಕ್ಕೆ ತಿರುಗಿಸುವ ಹಾಗಿಲ್ಲ. ಈಗ ಮಗು ತೀರಿಕೊಂಡ ಮಗುವಿನ ಬಟ್ಟೆ ತೊಟ್ಟು ಪಕ್ಕದ ಸ್ಟೂಲಿನಲ್ಲಿ ಕೂರಬೇಕು. ರಟ್ಟು ಇನ್ನೊಂದು ಅರ್ಧಕ್ಕೆ. ಮತ್ತೆ ಒಂದು ಸಲ ಒತ್ತು. ಈ ಎರಡು ಒತ್ತಿನ ನಡುವೆ ಯಾರೂ ಮಾತಾಡಬಾರದು. ತಾಯಿ ಪರದೆಯ ಆಚೆ ಇರಬೇಕು. ಮಗು ನೇರ ನೋಡಬೇಕು, ಎರಡು ಕೈಯೂ ಮೊಣಕಾಲ ಮೇಲೆ. ನಡುಗೆರೆ ದಾಟಿದ ಕೈ ತುಂಡಾಗಿ ಕಾಣುತ್ತದೆ.

ಮೊದಲ ಸಲ ರಟ್ಟು ಹಿಡಿದ ದಿನದ ಸಂಜೆ ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಬಿಳಿ ಕಾಗದ ಬೂದಿ ಬಣ್ಣಕ್ಕೆ ತಿರುಗಿ, ಒಂದು ಹಣೆ ಬಂತು, ಇನ್ನೊಂದು ಹಣೆ ಬಂತು, ನಾಲ್ಕು ಕಣ್ಣು ಒಟ್ಟಿಗೆ ತೆರೆದವು. ಬೆಳಿಗ್ಗೆ ಒಂದೇ ಮಗುವನ್ನು ಕಂಡಿದ್ದ ಅಸಾಬಿ ತಟ್ಟೆ ಅಲುಗಾಡಿಸುವುದನ್ನು ಮರೆತು ನಿಂತಳು.

“ಸತ್ತ ಮಗೂನ ಫೋಟೋ ತೆಗೀತಿಲ್ಲ ಕಣಮ್ಮ ನಾವು,” ಎಂದರು ಮಾವ. “ಅದಕ್ಕೆ ಕೂರೋಕೆ ಒಂದ್ ಜಾಗ ಮಾಡ್ಕೊಡ್ತಿದೀವಿ, ಅಷ್ಟೇ. ಬರೋದು ಬಿಡೋದು ಅದರಿಷ್ಟ.”

ಮಾವನ ಕೈ ನಡುಗತೊಡಗಿದ ಮೇಲೆ ರಟ್ಟು ಹಿಡಿಯುವುದೂ ಒತ್ತುವುದೂ ಅಸಾಬಿಯದೇ ಆಯಿತು. ಅವರು ತೀರಿಹೋದ ಮೇಲೂ ಹಾಗೆಯೇ ನಡೆಯಿತು. ಬೋರ್ಡು ಮಾತ್ರ ಲಾಮಿದಿಯ ಹೆಸರಿಗೆ ಬಂತು. ಮದುವೆ, ತಿಥಿಯ ಊಟಗಳಿಗೆ ಇಸ್ತ್ರಿ ಹಾಕಿದ ನಿಲುವಂಗಿ ತೊಟ್ಟು ಅವನು ಹೋಗುತ್ತಿದ್ದ. ಜನರನ್ನು ನಗಿಸಿ ಸಾಲಾಗಿ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೆಸರಿಡುವ ಮನೆಯ ಒಳಕೋಣೆ, ಬಾಣಂತಿ, ಎಂಟು ದಿನದ ಕೂಸು, ಅವಳಿಗಳು, ಇವೆಲ್ಲ ಅಸಾಬಿಯ ಪಾಲು.

ಹೀಗಿರುವಾಗ ಇಬಾದಾನಿನಲ್ಲಿ ಫಿಲ್ಮು ಮಾರುತ್ತಿದ್ದ ಕೊನೆಯ ಅಂಗಡಿ ಮುಚ್ಚಿತು. ಮನೆಯಲ್ಲಿ ಉಳಿದಿದ್ದ ಎರಡು ಸುರುಳಿಗೆ ಬೂಷ್ಟು ಹಿಡಿದಿತ್ತು. ಕತ್ತಲೆ ಕೋಣೆಯಲ್ಲಿ ತೊಳೆಯಲು ಏನೂ ಇಲ್ಲದೆ ಐದು ತಿಂಗಳಾಯಿತು. ಆದರೂ ಆರನೆಯ ಬಕೆಟ್ ಅವಳು ಬಿಡಲಿಲ್ಲ.

ಓಣಿಯ ಮೂಲೆಯಲ್ಲಿ ಅಕಾರಾ ಎನ್ನುವ ಅಲಸಂದೆ ವಡೆ ಕರಿದು ಮಾರುವ ಫಲೀಲತ್ ಬಂದದ್ದು ಆ ಐದನೆಯ ತಿಂಗಳಿನಲ್ಲಿ. ಅವಳ ಅವಳಿಗಳಿಗೆ ಆರು ವರ್ಷ. ತೈವೋ ಹುಡುಗಿ, ಕೆಹಿಂದೆ ಹುಡುಗ. ಹಿಂದಿನ ವರ್ಷದ ಮಳೆಗಾಲದಲ್ಲಿ ಮೂರು ದಿನದ ಜ್ವರಕ್ಕೆ ಕೆಹಿಂದೆ ಹೋಗಿಬಿಟ್ಟ. ಅವಳಿಗಳ ತಾಯಿಯನ್ನು ನಾವೆಲ್ಲ ಇಯಾ ಇಬೇಜಿ ಎಂದೇ ಕರೆಯುವುದು. ಹುಡುಗ ಹೋದ ಮೇಲೆ ಕೆಲವರು ಹಾಗೆ ಕರೆಯಲು ಹಿಂಜರಿದು ಬರೀ ಫಲೀಲತ್ ಎಂದರು. ಅಸಾಬಿ ಒಂದು ದಿನವೂ ಬಿಟ್ಟಿರಲಿಲ್ಲ.

ತೈವೋ ಆಮೇಲಿನಿಂದ ಅಕಾರಾ ಕೊಟ್ಟರೆ ಎರಡು ಮಾಡಿ, ಅರ್ಧ ತಿಂದು, ಇನ್ನರ್ಧವನ್ನು ಹೊಸ್ತಿಲ ಮೇಲಿಡುತ್ತಿದ್ದಳು. ಮೊದಮೊದಲು ಯಾರೂ ಏನೂ ಅನ್ನಲಿಲ್ಲ. ಈಚೆಗೆ ತನ್ನ ಅರ್ಧವನ್ನೂ ತಿನ್ನುತ್ತಿರಲಿಲ್ಲ. ಅಮಾಲಾ ಮುದ್ದೆಯಾದರೂ ಅಷ್ಟೇ, ಗಂಜಿಯಾದರೂ ಅಷ್ಟೇ. ಆಸ್ಪತ್ರೆಯಲ್ಲಿ ರಕ್ತ ನೋಡಿ, ರೋಗವೇನಿಲ್ಲ ಎಂದು ಟಾನಿಕ್ಕು ಕೊಟ್ಟರು. ಹುಡುಗಿಯ ತೋಳು ಒಲೆ ಊದುವ ಕೊಳವೆಯಷ್ಟಾಯಿತು.

“ಅವನಿಗೆ ಮನೇಲಿ ಕೂರೋಕೆ ಜಾಗ ಇಲ್ಲ, ಅದಕ್ಕೇ ಇವಳನ್ನ ಕರೀತಿದಾನೆ,” ಎಂದಳು ಫಲೀಲತ್. ಅವಳು ಅಳಲಿಲ್ಲ. ಬೆಳಗಿನಿಂದ ಅಲಸಂದೆ ರುಬ್ಬಿ ಊದಿಕೊಂಡಿದ್ದ ಅಂಗೈಯನ್ನು ಒತ್ತಿಕೊಳ್ಳುತ್ತ ಹೇಳಿದಳು. “ಫೋಟೋ ಮಾಡ್ಕೊಡು ಬಿಲಿಕಿಸು ಅಮ್ಮ. ಇಲ್ಲಾಂದ್ರೆ ಇವಳನ್ನೂ ಕರ್ಕೊಂಡು ಹೋಗ್ತಾನೆ.”

ಅಸಾಬಿ ಬಾಯಿ ತೆರೆಯುವ ಮುಂಚೆ ಲಾಮಿದಿ ಅದಕ್ಕೇನಂತೆ ಎಂದ. ಮೊಬೈಲಿನಲ್ಲಿ ತೈವೋಳ ಫೋಟೋ ತೆಗೆದು, ಸಂತೆಬೀದಿಯ ಕಂಪ್ಯೂಟರ್ ಅಂಗಡಿಗೆ ಒಯ್ದ. ಅಲ್ಲಿಯವನು ಒಂದೇ ಹುಡುಗಿಯನ್ನು ಎರಡು ಮಾಡಿ, ಒಂದರ ಲಂಗ ಅಳಿಸಿ, ಬೇರೆ ಯಾವುದೋ ಹುಡುಗನ ಫೋಟೋದಿಂದ ಪ್ಯಾಂಟನ್ನೂ ಕಾಲನ್ನೂ ತಂದು ಕೂಡಿಸಿದ. ಹಿಂದೆ ನೀಲಿ ಜಲಪಾತ ಹಾಕಿದ. ಲಾಮಿದಿಗೆ ಜಲಪಾತ ಬಹಳ ಹಿಡಿಸಿತು.

ಮರುದಿನ ಫಲೀಲತ್ ಆ ಫೋಟೋ ತಂದು ಅಸಾಬಿಯ ಚಾಪೆಯ ಮೇಲೆ ಬೋರಲು ಇಟ್ಟಳು. ತೈವೋ ಅದನ್ನು ಬಹಳ ಹೊತ್ತು ನೋಡಿ, ಇದು ಕೆಹಿಂದೆ ಅಲ್ಲ, ಅವನ ಕಾಲು ಹೀಗಿಲ್ಲ ಎಂದಳಂತೆ. ಆ ದಿನ ನೀರು ಕೂಡ ಕುಡಿಯಲಿಲ್ಲವಂತೆ.

“ಯಾರ ಮನೆ ಹುಡುಗನ ಕಾಲೋ ಇದು, ಆ ತಾಯಿಗೆ ಗೊತ್ತಾ?” ಎಂದು ಕೇಳಿದಳು ಫಲೀಲತ್. “ನನ್ ಮಗನ್ನ ಕತ್ತರಿಸಿ ಅಂಟಿಸ್ಬೇಡಿ. ಬಂದ್ರೆ ಅವನೇ ಬಂದು ಕೂರ್ಲಿ.”

ಲಾಮಿದಿ ತಲೆ ಕೆರೆದುಕೊಂಡ. ಪಾಪ, ಅವನು ಒಳ್ಳೆಯದಕ್ಕೇ ಮಾಡಿದ್ದು.

ಅಷ್ಟರಲ್ಲಿ ಹೆಂಗಸರ ಚೀಟಿಯಲ್ಲಿ ಅಸಾಬಿಯ ಸರದಿ ಬಂತು. ಎರಡು ವರ್ಷ ಇಲಾಸಾ ಸೊಪ್ಪು ಕಟ್ಟು ಕಟ್ಟಿ ಮಾರಿ ಕಟ್ಟಿದ ಚೀಟಿ. ಡಿಜಿಟಲ್ ಕ್ಯಾಮೆರಾ ಕೊಳ್ಳುವುದೆಂದು ನಿಶ್ಚಯವಾಯಿತು. ಯಾವುದನ್ನು ಎನ್ನುವುದನ್ನು ಲಾಮಿದಿ ಆಗಲೇ ಮೊಬೈಲಿನಲ್ಲಿ ನೋಡಿಟ್ಟಿದ್ದ: ಮೊಳದುದ್ದ ಲೆನ್ಸಿನ ದೊಡ್ಡ ಕ್ಯಾಮೆರಾ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಹೋದರೆ ಮದುವೆಮನೆಯ ಜನ ತಾವಾಗಿ ದಾರಿ ಬಿಡುತ್ತಾರೆ, ಡೊಳ್ಳಿನವರು ಹೊಗಳಿ ಬಾರಿಸುತ್ತಾರೆ ಎಂದು ಅವನ ಲೆಕ್ಕ.

ನಿನಗೆ ಎಂಥದು ಬೇಕು ಎಂದು ಅಸಾಬಿಯನ್ನು ಯಾರೂ ಕೇಳಲಿಲ್ಲ. ಕುದಿಯುವ ನೀರಿಗೆ ಗೆಣಸಿನ ಹಿಟ್ಟು ಸುರಿದು, ಎರಡು ಕೈಯಲ್ಲಿ ಅಮಾಲಾ ತಿರುವುತ್ತ ಅವಳು ತನ್ನನ್ನೇ ಕೇಳಿಕೊಂಡಳು. ತಾನು ಎಲ್ಲಿ ನಿಂತು ಫೋಟೋ ತೆಗೆಯುತ್ತೇನೆ? ಒಂದೇ ಕಿಟಕಿಯ ಬಾಣಂತಿ ಕೋಣೆಯಲ್ಲಿ. ಅಲ್ಲಿ ಫ್ಲಾಶು ಹೊಡೆದರೆ ಕೂಸು ಬೆಚ್ಚುತ್ತದೆ, ಅಜ್ಜಿಯರು ಬೈಯುತ್ತಾರೆ. ಹಾಗಾದರೆ ಕಡಿಮೆ ಬೆಳಕಿನಲ್ಲೂ ಕಾಣುವ ಕಣ್ಣು ಬೇಕು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಸ್ಟೂಲು ಹತ್ತುತ್ತೇನೆ. ಇನ್ನೊಂದು ಕೈಗೆ ಭಾರವಾಗಬಾರದು. ದಿನಕ್ಕೆ ಮೂರು ಗಂಟೆ ಕರೆಂಟಿದ್ದರೆ ಹೆಚ್ಚು. ಮೊಬೈಲಿನ ಹಾಗೆ ಎಲ್ಲಿ ಬೇಕಾದರೂ ಚಾರ್ಜ್ ಆಗಬೇಕು. ಮಾವನ ಮರದ ಮೂರುಕಾಲಿನ ಮೇಲೆ ಭಾರವಾದದ್ದು ಕೂರುವುದಿಲ್ಲ, ತಲೆ ಬಾಗಿಸುತ್ತದೆ. ದೂರದಿಂದ ಎಳೆದು ತೋರಿಸುವ ಲೆನ್ಸು ಯಾರಿಗೆ ಬೇಕು? ನಾನು ನೋಡುವುದೆಲ್ಲ ಒಂದು ಮಾರು ದೂರದಲ್ಲೇ ಇರುತ್ತದೆ.

ಇನ್ನು ಕೊನೆಯದು. ಒಂದೇ ಮಗುವನ್ನು ಎರಡು ಸಲ ಕೂರಿಸಲು ಬರಬೇಕು.

ಇಬಾದಾನಿಗೆ ಹೊರಡುವ ದಿನ ಫಲೀಲತ್ ಬಸ್ಸಿನ ಹತ್ತಿರ ಬಂದು ಬಿಸಿ ಅಕಾರಾ ಪೊಟ್ಟಣ ಕೊಟ್ಟಳು. ಹೊಸ ಕ್ಯಾಮೆರಾಗಳಿಗೆ ಒಂದೇ ಕಣ್ಣಂತಲ್ಲ, ಅದು ಇಬ್ಬರನ್ನೂ ನೋಡೀತೇ ಎಂದು ಅವಳ ಚಿಂತೆ. ಹಳೆಯ ಕ್ಯಾಮೆರಾದಲ್ಲೂ ಫಿಲ್ಮಿಗೆ ಬೆಳಕು ಬಿಡುತ್ತಿದ್ದುದು ಕೆಳಗಿನ ಕಣ್ಣೊಂದೇ, ಮೇಲಿನದು ನಾವು ಬಗ್ಗಿ ನೋಡುವುದಕ್ಕೆ ಇದ್ದದ್ದು ಎಂದು ಅಸಾಬಿ ವಿವರಿಸಿದಳು. ಫಲೀಲತ್ ತಲೆಯಾಡಿಸಿದಳು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಇಬಾದಾನಿನಲ್ಲಿ ಹೊರದೇಶಗಳಲ್ಲಿ ಬಳಸಿ ಬಂದ ಕ್ಯಾಮೆರಾಗಳನ್ನು ಮಾರುವ ಅಂಗಡಿ ಒಬಿನ್ನಾ ಎಂಬವನದು. ಗುಹೆಯಂಥ ಉದ್ದನೆಯ ಅಂಗಡಿ. ಬಾಗಿಲ ಹತ್ತಿರ ಬಿಸಿಲು, ಒಳಗೆ ಹೋದಂತೆ ಮಬ್ಬು. ಲಾಮಿದಿ ಒಳಗೆ ಕಾಲಿಟ್ಟವನೇ ದೊಡ್ಡ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು, ಗಾಜಿನ ಕಪಾಟಿನಲ್ಲಿ ತನ್ನ ಬಿಂಬ ನೋಡಿಕೊಂಡ. ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿದ್ದ. ಒಬಿನ್ನಾ ಅದರ ಗುಣಗಾನ ಶುರುಮಾಡಿದ: ಇಷ್ಟು ಕೋಟಿ ಚುಕ್ಕೆ, ಅಷ್ಟು ದೂರದ ಹಕ್ಕಿಯೂ ಸ್ಪಷ್ಟ.

ಅಸಾಬಿ ತನ್ನ ಚೀಲದಿಂದ ಟಾರ್ಚು ತೆಗೆದಳು. ಒಂದೊಂದು ಲೆನ್ಸಿಗೂ ಹಿಂದಿನಿಂದ ಬೆಳಕು ಬಿಟ್ಟು, ಜೇಡರಬಲೆಯಂಥ ಬೂಷ್ಟು ಇದೆಯೇ ನೋಡಿದಳು. ಬಿಳಿ ಕಾಗದದ ಫೋಟೋ ತೆಗೆದು, ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ದೊಡ್ಡದು ಮಾಡಿ, ಕಪ್ಪು ಚುಕ್ಕೆ ಹುಡುಕಿದಳು. ಎಷ್ಟು ಸಾವಿರ ಸಲ ಒತ್ತಿ ಸವೆದಿದೆ ಎಂದು ಕೇಳಿದಳು. ಒಬಿನ್ನಾ ಗುಣಗಾನ ನಿಲ್ಲಿಸಿ ಅವಳ ಕಡೆ ತಿರುಗಿದ.

“ಫೋಟೋ ತೆಗೆಯೋರು ಅವರೋ ನೀವೋ ಮೇಡಂ?” ಎಂದ.

“ಬೋರ್ಡು ಅವರದು,” ಎಂದಳು ಅಸಾಬಿ.

ಆಮೇಲೆ ಒಬಿನ್ನಾನನ್ನೇ ಅಂಗಡಿಯ ಮಬ್ಬಿನಲ್ಲಿ ಬಿಳಿ ಗೋಡೆಗೆ ನಿಲ್ಲಿಸಿ ಒಂದೊಂದರಲ್ಲೂ ಫೋಟೋ ತೆಗೆದಳು. ಕೆಲವು ಕ್ಯಾಮೆರಾಗಳು ಗೋಡೆಯನ್ನು ನೋಡಿಕೊಂಡು ಮುಖವನ್ನು ಮರೆತವು. ಅವನ ಮೂಗು ಬಾಯಿ ಎಲ್ಲ ಸೇರಿ ಮಡಕೆಯ ತಳದ ಹಾಗೆ ಬಂತು. ದೊಡ್ಡ ಕ್ಯಾಮೆರಾದಲ್ಲೂ ಹಾಗೆಯೇ ಬಂತು. ಸರಿಮಾಡಲು ಹೋದರೆ ಮುಖದ ತುಂಬ ರವೆ ಚೆಲ್ಲಿದಂತಾಯಿತು. ಕಪ್ಪು ಎಂದರೆ ಒಂದೇ ಬಣ್ಣವಲ್ಲ, ನಮ್ಮ ಕೆನ್ನೆಯಲ್ಲಿ ಕೆಂಪಿದೆ, ಹಣೆಯಲ್ಲಿ ನೀಲಿಯಿದೆ ಎಂದು ಮಾವ ಹೇಳುತ್ತಿದ್ದರು. ಮೂಲೆಯಲ್ಲಿದ್ದ ಸಾಬೂನು ಡಬ್ಬಿಯಷ್ಟು ಚಿಕ್ಕ ಕ್ಯಾಮೆರಾದಲ್ಲಿ ಒಬಿನ್ನಾನ ಗಲ್ಲದ ಮೇಲಿನ ಹಳೆಯ ಗಾಯದ ಕಲೆ ಕೂಡ ಬಂತು. ಅದರ ಲೆನ್ಸು ಮುಂದೆ ಬಾರದು, ಹಿಂದೆ ಹೋಗದು, ಮೋಟು. ಬಟನ್ ಒತ್ತಿದರೆ ಸದ್ದೇ ಇಲ್ಲ.

ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ದೊಡ್ಡದನ್ನೇ ಕಟ್ಟಿಸು, ಬಂದೆ ಎಂದು ಲಾಮಿದಿ ಮಸೀದಿಗೆ ಹೋದ.

ಅಸಾಬಿ ಚೀಲದಿಂದ ಮಾವನ ಕಪ್ಪು ರಟ್ಟು ತೆಗೆದಳು. ಒಂದರ ಮೇಲೊಂದು ಎರಡು ಫೋಟೋ ಒಂದರಲ್ಲೇ ಬೀಳುವುದು ಯಾವುದರಲ್ಲಿ ಎಂದು ಕೇಳಿದಳು. ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದಲ್ಲ ಎಂದ ಒಬಿನ್ನಾ. ಕಂಪ್ಯೂಟರಿನಲ್ಲಿ ಬೇಡ, ಮಗು ಕೂತಲ್ಲೇ ಆಗಬೇಕು ಎಂದಳು. ಅವನು ತಲೆ ಕೆರೆದು, ದೊಡ್ಡದರಲ್ಲಿ ಆ ಸೌಲಭ್ಯವಿಲ್ಲ ಎಂದು ಒಪ್ಪಿಕೊಂಡು, ಚಿಕ್ಕದರಲ್ಲಿ ಏನೇನೋ ಒತ್ತಿ ಹುಡುಕಿ ಕೊಟ್ಟ.

ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಅವನನ್ನು ಎಡಗಡೆಯ ಸ್ಟೂಲಿನಲ್ಲಿ ಕೂರಿಸಿ, ರಟ್ಟು ಹಿಡಿದು ಒತ್ತಿದಳು. ಅವನನ್ನು ಎಬ್ಬಿಸಿ, ರಟ್ಟು ಬದಲಿಸಿ, ಕ್ಯಾಮೆರಾದ ಪರದೆಯ ಮೇಲೆ ಕಣ್ಣಿಟ್ಟಳು.

ಮೊದಲು ಕೂತ ಒಬಿನ್ನಾ ಇನ್ನೂ ಅಲ್ಲೇ ಇದ್ದ. ಸ್ಟೂಲು ಖಾಲಿಯಾಗಿತ್ತು, ಆದರೆ ಪರದೆಯ ಎಡಗಡೆ, ಹಬೆಯಿಂದ ಮಾಡಿದ ಹಾಗೆ, ತೆಳುವಾಗಿ ಕೂತಿದ್ದ. ಬಲಗಡೆಯ ಜಾಗ ಖಾಲಿ ಇತ್ತು. ಅಸಾಬಿ ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದಳು. ಮೊದಲನೆಯ ಒತ್ತಿಗೂ ಎರಡನೆಯ ಒತ್ತಿಗೂ ನಡುವೆ ಪೆಟ್ಟಿಗೆಯೊಳಗೆ ಏನಿರುತ್ತದೆ ಎನ್ನುವುದನ್ನು ಮಾವನೂ ಕಂಡಿರಲಿಲ್ಲ, ಅವಳೂ ಕಂಡಿರಲಿಲ್ಲ. ಇದು ಆ ನಡುವಿನ ಹೊತ್ತು. ಒಬ್ಬ ಕೂತು ಕಾಯುತ್ತಿದ್ದಾನೆ, ಇನ್ನೊಬ್ಬನ ಜಾಗ ಇದೆ. ಈಗ ಒಬಿನ್ನಾ ಬಂದು ಬಲಗಡೆ ಕೂತ. ಹಬೆಯವನ ಪಕ್ಕದಲ್ಲಿ ಉಸಿರಾಡುವವನು.

ಒತ್ತಿ, ಅವನನ್ನು ಕರೆದು ತೋರಿಸಿದಳು. “ಇದು ಹೀಗ್ ಮಾಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಎಂದ ಅವನು, ತನ್ನ ಅಂಗಡಿಯಲ್ಲೇ ನೆಂಟನಂತೆ ನಿಂತು.

ಲಾಮಿದಿ ಮರಳುವ ಹೊತ್ತಿಗೆ ಅಸಾಬಿ ಸೊಂಟದ ಗಂಟು ಬಿಚ್ಚಿ ಚಿಕ್ಕದಕ್ಕೆ ದುಡ್ಡು ಕೊಟ್ಟಾಗಿತ್ತು.

“ಇಷ್ಟೇನಾ?” ಎಂದ ಅವನು ಪೊಟ್ಟಣ ಕೈಯಲ್ಲಿ ತೂಗಿ. “ಇದನ್ನ ಕುತ್ತಿಗೆಗೆ ಹಾಕ್ಕೊಂಡ್ರೆ ತಾಯಿತ ಅಂತಾರೆ ಜನ.”

“ನಿಮ್ ಕುತ್ತಿಗೆಗಲ್ಲ ಬಿಲಿಕಿಸು ಅಪ್ಪ, ನನ್ ಕೈಗೆ ತಗೊಂಡಿದ್ದು.”

ಬಸ್ಸಿನಲ್ಲಿ ಅರ್ಧ ದಾರಿ ಅವನು ಮುಖ ಊದಿಸಿಕೊಂಡು ಕೂತ. ಇನ್ನರ್ಧ ದಾರಿ ಆ ಕ್ಯಾಮೆರಾದಲ್ಲಿ ಸಹಪ್ರಯಾಣಿಕರ ಫೋಟೋ ತೆಗೆದು ಎಲ್ಲರನ್ನೂ ನಗಿಸಿದ. ಮನೆಗೆ ಬಂದಾಗ ಬೆಳಗಿನ ಪಾತ್ರೆಗಳು ಇಟ್ಟ ಹಾಗೆಯೇ ಇದ್ದವು. ಅಸಾಬಿ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು, ಸೊಂಟದ ಬಟ್ಟೆ ಬಿಗಿದು, ಬೂದಿಯಿಂದ ಅವನ್ನು ಉಜ್ಜಿದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ಫಲೀಲತ್ ತೈವೋಳನ್ನು ಕರೆತಂದಳು. ಬಗಲಲ್ಲಿ ಕೆಹಿಂದೆಯ ಹಬ್ಬದ ಬಟ್ಟೆ: ನೀಲಿ ಪ್ಯಾಂಟು, ನೀಲಿ ಅಂಗಿ. ಪ್ಯಾಂಟಿನ ಮಡಿಕೆ ಬಿಚ್ಚಿ ನಾಲ್ಕು ಬೆರಳು ಉದ್ದ ಮಾಡಿದ್ದಳು. ಹೊಸ ಹೊಲಿಗೆಯ ಕೆಳಗೆ ಬಟ್ಟೆಯ ಬಣ್ಣ ಇನ್ನೂ ಮಾಸದೆ ಗಾಢವಾಗಿತ್ತು. ಅಸಾಬಿ ಅದರ ಮೇಲೆ ಬೆರಳಾಡಿಸಿದಳು.

“ಅವನೂ ಬೆಳೆದಿರ್ತಿದ್ದ,” ಎಂದಳು ಫಲೀಲತ್.

ಅವಳು ಬಟ್ಟೆಯ ಪರದೆಯ ಆಚೆ ನಿಂತಳು, ಲಾಮಿದಿಯೂ ಅಲ್ಲಿಯೇ. ಒಳಗೆ ಅಸಾಬಿ, ಮಗು, ಮಾವನ ಮೂರುಕಾಲಿನ ಮೇಲೆ ಆ ಚಿಕ್ಕ ಕ್ಯಾಮೆರಾ. ತೈವೋ ತನ್ನ ಹಳದಿ ಲಂಗ-ಕುಪ್ಪಸದಲ್ಲಿ ಎಡಗಡೆಯ ಸ್ಟೂಲಿನ ತುದಿಯಲ್ಲಿ, ಕಾಲು ಜೋಡಿಸಿ, ಯಾರಿಗೋ ಜಾಗ ಬಿಟ್ಟ ಹಾಗೆ ಕೂತಳು. ಕೈ ಮೊಣಕಾಲ ಮೇಲೆ. ಅಸಾಬಿ ರಟ್ಟು ಹಿಡಿದು ಒತ್ತಿದಳು.

ಆಮೇಲೆ ಮಾತಿಲ್ಲ. ಮಗು ತಾನೇ ಓಲೆ ಬಿಚ್ಚಿಟ್ಟಿತು. ಪ್ಯಾಂಟು ಹಾಕಿಕೊಂಡು, ಅಂಗಿಯ ಗುಂಡಿ ಒಂದೊಂದಾಗಿ ಹಾಕಿತು. ಮೇಲಿನದನ್ನು ಬಿಟ್ಟಿತು, ಅವನು ಬಿಡುತ್ತಿದ್ದ ಹಾಗೆ. ಬಿಚ್ಚಿಟ್ಟ ಲಂಗದ ಮಡಿಕೆಯಿಂದ ಏನನ್ನೋ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿತು. ಬಲಗಡೆಯ ಸ್ಟೂಲಿಗೆ ನಡೆದುಹೋದ ನಡಿಗೆ ಅಸಾಬಿ ಬಲ್ಲ ನಡಿಗೆಯೇ. ಓಣಿಯಲ್ಲಿ ಚಕ್ರ ಓಡಿಸುತ್ತ ಹೋಗುತ್ತಿದ್ದವನದು. ಸ್ಟೂಲಿನ ತುಂಬ ಕೂತಿತು. ಮೊಣಕಾಲು ಅಗಲ, ಗಲ್ಲ ಮೇಲೆ. ನೀರು ಹೊರದ, ಪಾತ್ರೆ ತೊಳೆಯದ, ಯಾರಿಗೂ ಜಾಗ ಬಿಡಬೇಕಿಲ್ಲದ ಕೂರುವಿಕೆ.

ಕ್ಯಾಮೆರಾದ ಪರದೆಯಲ್ಲಿ ತೈವೋ ಹಬೆಯಂತೆ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ಕೆಹಿಂದೆ ಬಂದು ಕೂತಿದ್ದ.

ಅಸಾಬಿ ರಟ್ಟನ್ನು ಇನ್ನೊಂದು ಅರ್ಧಕ್ಕೆ ಹಿಡಿದಳು. ಒತ್ತಿದಳು.

ಸದ್ದಿಲ್ಲದ ಕ್ಯಾಮೆರಾ, ಒತ್ತಿದ್ದು ಮಗುವಿಗೆ ತಿಳಿಯಲಿಲ್ಲ. ಅದೇ ಗಳಿಗೆಯಲ್ಲಿ ಅದು ಜೇಬಿನಿಂದ ಅರ್ಧ ಅಕಾರಾ ತೆಗೆದು, ನೇರ ನೋಡುತ್ತಲೇ, ಬಲಗೈಯನ್ನು ಪಕ್ಕದ ಖಾಲಿ ಸ್ಟೂಲಿನ ಕಡೆ ಚಾಚಿತ್ತು.

ಫೋಟೋ ಪರದೆಯ ಮೇಲೆ ಬಂತು. ಇಬ್ಬರೂ ಇದ್ದರು. ಹುಡುಗನ ಕೈ ಮೊಣಕಾಲ ಮೇಲಿರಲಿಲ್ಲ. ನಡುಗೆರೆಯ ಕಡೆ ಹೋಗಿ, ರಟ್ಟಿನ ಮಸುಕಿನಲ್ಲಿ ತೆಳುವಾಗಿ, ಹಳದಿ ತೋಳಿನ ಹತ್ತಿರ ಕರಗಿಹೋಗಿತ್ತು. ಬೆರಳುಗಳು ತುಸು ಅಲುಗಾಡಿದ್ದವು. ಕೆಳಗೆ ಕ್ಯಾಮೆರಾ ಎರಡು ಗುರುತು ತೋರಿಸಿ ಕೇಳುತ್ತಿತ್ತು: ಇರಲಿಯೇ, ಇನ್ನೊಮ್ಮೆ ತೆಗೆಯಲೇ? ಮಾವನ ಪೆಟ್ಟಿಗೆ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಂದದ್ದು ಬಂತು, ಮೂರು ದಿನದ ಮೇಲೆ ಮಗುವಿನ ಮನೆಯವರು ಬಂದು ಅದನ್ನೇ ನೋಡುತ್ತಿದ್ದರು.

“ಆಯ್ತಾ?” ಲಾಮಿದಿ ಆಚೆಯಿಂದ ಮೆಲ್ಲಗೆ ಕೇಳಿದ. “ಕೈ ಮೊಣಕಾಲ ಮೇಲಿದೆಯಾ ನೋಡ್ಕೋ. ದಾಟಿದ್ರೆ ಇನ್ನೊಂದ್ ತೆಗಿ, ಇದರಲ್ಲಿ ಫಿಲ್ಮು ಖರ್ಚಾಗಲ್ವಲ್ಲ.”

ಫಲೀಲತ್ ಕೇಳಿದ್ದು ಬೇರೆ. “ಬಂದ್ನಾ ಅವನು?”

ಚಾಚಿದ ಕೈಯನ್ನು ಊರಿನ ಹಿರಿಯರು ಏನೆನ್ನುತ್ತಾರೆ ಎಂದು ಅಸಾಬಿಗೆ ಗೊತ್ತಿತ್ತು: ನೋಡು, ಇವಳನ್ನೂ ಎಳೆಯುತ್ತಿದ್ದಾನೆ. ಅವಳು ಪರದೆಗೆ ಮುಖ ಹತ್ತಿರ ತಂದಳು. ಅಂಗೈ ಮೇಲ್ಮುಖವಾಗಿತ್ತು. ಎಳೆಯುವ ಕೈ ಹಾಗಿರುವುದಿಲ್ಲ. ಇಪ್ಪತ್ತೆರಡು ವರ್ಷ ತಟ್ಟೆ ಬಡಿಸಿದವಳಿಗೆ ಕೊಡುವ ಕೈ ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ತಲೆ ಎತ್ತಿ ನೋಡಿದಳು. ಮಗು ಬಲಗಡೆಯ ಸ್ಟೂಲಿನಿಂದ ಇಳಿದು, ಅಣ್ಣನ ಪ್ಯಾಂಟಿನಲ್ಲೇ ಎಡಗಡೆಯದಕ್ಕೆ ಹತ್ತಿ ಕೂತಿತ್ತು. ಈ ಸಲ ತುದಿಯಲ್ಲಲ್ಲ. ಕೈಯಲ್ಲಿದ್ದ ಅರ್ಧ ಅಕಾರಾವನ್ನು ಯಾರೋ ಕೊಟ್ಟದ್ದನ್ನು ನೋಡುವ ಹಾಗೆ ತಿರುಗಿಸಿ ನೋಡಿತು. ಮೂಸಿತು. ಒಂದು ಚೂರು ಕಚ್ಚಿತು, ನಿಧಾನವಾಗಿ ಅಗಿಯಿತು.

ಇನ್ನೊಮ್ಮೆ ತೆಗೆಯಬೇಕೆಂದರೆ ಆ ಅಕಾರಾವನ್ನು ಮಗುವಿನ ಕೈಯಿಂದ ಬಿಡಿಸಬೇಕು.

ಹೊರಗೆ ಇಬ್ಬರೂ ಕಾಯುತ್ತಿದ್ದರು. ಅಸಾಬಿ ಯಾರನ್ನೂ ಕರೆಯಲಿಲ್ಲ, ಯಾರಿಗೂ ತೋರಿಸಲಿಲ್ಲ. ಕಪ್ಪು ರಟ್ಟನ್ನು ಸದ್ದಾಗದಂತೆ ಕೆಳಗಿಟ್ಟು, ‘ಇರಲಿ’ ಎನ್ನುವ ಗುರುತಿನ ಮೇಲೆ ಹೆಬ್ಬೆರಳು ಒತ್ತಿದಳು.